‘ದಾವಣಗೆರೆಲಿ 46 ಡಿಗ್ರಿ, ನೂರು ವರ್ಷದ ದಾಖಲೆ’ ಅಂತ ಮೆಸೇಜ್ ಬಂದ್ರೆ ಎಲ್ಲಿಂದ ಚೆಕ್ ಮಾಡ್ಬೇಕು

ಏಪ್ರಿಲ್ ಅರ್ಧ ದಾಟ್ತು ಅಂದ್ರೆ ಸಾಕು, ನಮ್ಮ ದಾವಣಗೆರೆ ಚಿತ್ರದುರ್ಗ ಕಡೆ ಎಲ್ಲಾ ಗ್ರೂಪಲ್ಲೂ ಒಂದೇ ತರದ ಮೆಸೇಜು. ಥರ್ಮಾಮೀಟರ್ ಫೋಟೋ, ಕಾರಿನ ಡ್ಯಾಶ್‌ಬೋರ್ಡ್ ಫೋಟೋ, ಮೊಬೈಲ್ ಆಪ್‌ನ ಸ್ಕ್ರೀನ್‌ಶಾಟು, ಕೆಳಗೆ ದಪ್ಪ ಅಕ್ಷರದಲ್ಲಿ ‘46 ಡಿಗ್ರಿ, ನೂರು ವರ್ಷದ ದಾಖಲೆ ಬ್ರೇಕ್’. ಅರ್ಧ ಜನ ಕೈ ಮುಗಿಯೋ ಎಮೋಜಿ ಹಾಕ್ತಾರೆ, ಇನ್ನರ್ಧ ಜನ ‘ಸುಳ್ಳು ಸುದ್ದಿ ಹಬ್ಬಿಸ್ಬೇಡ್ರಿ’ ಅಂತ ಬೈತಾರೆ, ಎರಡೂ ಕಡೆಯವ್ರು ಚೆಕ್ ಮಾಡಿರಲ್ಲ. ನಾನು ಮಿಲ್‌ನಲ್ಲಿ ಇನ್‌ಸ್ಟ್ರುಮೆಂಟೇಶನ್ ಕೆಲಸ ಮಾಡೋನು, ಬಾಯ್ಲರ್ ಸೆನ್ಸರ್ರು ಡ್ರೈಯರ್ ಸೆನ್ಸರ್ರು ತಪ್ಪು ತೋರಿಸಿದ್ರೆ ಯಾಕೆ ಅಂತ ಹುಡುಕೋದೇ ನನ್ನ ಹೊಟ್ಟೆಪಾಡು, ಅದೇ ರೀತಿಲಿ ಈ ಬಿಸಿಲಿನ ನಂಬರನ್ನೂ ಹಿಡಿದು ನೋಡಬಹುದು ಅನ್ನೋದಕ್ಕೆ ಇಷ್ಟುದ್ದ ಬರೀತಿದೀನಿ.

ಮೊದ್ಲೇ ಹೇಳ್ಬಿಡ್ತೀನಿ, ಇಂಥ ಮೆಸೇಜಲ್ಲಿ ಪೂರ್ತಿ ಕಟ್ಟುಕತೆ ಕಡಿಮೆ. ಹೆಚ್ಚಿನ ಸಲ ನಂಬರ್ ಸರಿ ಇರ್ತದೆ, ಅದು ಯಾವುದರ ನಂಬರ್ ಅನ್ನೋದು ತಪ್ಪಿರ್ತದೆ. ಟಾರ್ ರಸ್ತೆದೋ, ಕಾರಿನ ಬಂಪರ್‌ದೋ, ಕೆಟ್ಟ ಸೆನ್ಸರ್‌ದೋ. ಹಾಗಾಗಿ ‘ನಿಜನಾ ಸುಳ್ಳಾ’ ಅಂತ ಶುರು ಮಾಡಿದ್ರೆ ಜಗಳ ಆಗ್ತದೆ ಅಷ್ಟೇ. ಏನನ್ನ ಅಳೆದ್ರು, ಯಾವುದ್ರಿಂದ ಅಳೆದ್ರು, ಎಲ್ಲಿ, ಎಷ್ಟು ಗಂಟೆಗೆ, ಇದನ್ನ ಕೇಳ್ಕೊಂಡು ಹೋದ್ರೆ ಮುಕ್ಕಾಲು ಪಾಲು ಕೇಸು ಅಲ್ಲೇ ಮುಗೀತದೆ.

ಅಳೆದಿದ್ದು ಗಾಳಿನಾ, ಬೇರೆ ಏನಾದ್ರೂನಾ?

ಹವಾಮಾನ ಇಲಾಖೆಯವ್ರು ಹೇಳೋ ತಾಪಮಾನ ಅಂದ್ರೆ ನೆರಳಲ್ಲಿರೋ ಗಾಳಿದು. ಸುಮ್ನೆ ಯಾವ್ದೋ ನೆರಳಲ್ಲ. ನೆಲದಿಂದ ಸುಮಾರು ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ, ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆ, ನಾಲ್ಕೂ ಕಡೆ ಓರೆ ಪಟ್ಟಿ ಇದ್ದು ಗಾಳಿ ಆಡ್ತಿರ್ತದೆ, ಬಾಗಿಲು ಉತ್ತರಕ್ಕೆ ಇರ್ತದೆ ಯಾಕಂದ್ರೆ ತೆಗೆದಾಗ ಬಿಸಿಲು ಒಳಗೆ ಬೀಳಬಾರ್ದು. ಇದಕ್ಕೆ ಸ್ಟೀವನ್‌ಸನ್ ಸ್ಕ್ರೀನ್ ಅಂತಾರೆ. ಕೆಳಗಡೆ ಹುಲ್ಲೋ ಮಣ್ಣೋ ಇರಬೇಕು, ಸಿಮೆಂಟ್ ಇರಬಾರ್ದು. ಲೋಕದಲ್ಲಿ ಎಲ್ಲೇ ದಾಖಲೆ ಅಂತ ಲೆಕ್ಕಕ್ಕೆ ತಗೊಳ್ಳೋದು ಇಂಥ ಪೆಟ್ಟಿಗೆಲೋ ಇದೇ ತರ ಬಿಸಿಲು ತಡೆಯೋ ಶೀಲ್ಡಲ್ಲೋ ಸಿಕ್ಕಿದ ನಂಬರನ್ನ ಮಾತ್ರ. ಇದನ್ನ ತಲೇಲಿ ಇಟ್ಕೊಂಡು ಗ್ರೂಪಿಗೆ ಬಂದ ಫೋಟೋ ನೋಡ್ರಿ.

ಕಾರಿನ ಡ್ಯಾಶ್‌ಬೋರ್ಡ್ ಫೋಟೋ ಆದ್ರೆ: ಸೆನ್ಸರ್ ಇರೋದು ಮುಂದಿನ ಬಂಪರ್ ಹಿಂದೆ, ಗ್ರಿಲ್ ಹತ್ರ. ನಿಂತ ಗಾಡಿಲಿ ಕೆಳಗಿಂದ ಟಾರಿನ ಕಾವು, ಹಿಂದಿಂದ ಎಂಜಿನ್ ಕಾವು, ಎರಡೂ ಅದಕ್ಕೇ. ಪಿ.ಬಿ. ರೋಡಲ್ಲಿ ನಿಲ್ಲಿಸಿದ್ದ ಗಾಡಿ ಸ್ಟಾರ್ಟ್ ಮಾಡಿದ ತಕ್ಷಣ 47 ತೋರಿಸ್ತದೆ, ಹೈವೇ ಹತ್ತಿ ಗಾಳಿ ಬಡಿಯೋಕೆ ಶುರುವಾಗಿ ಆನಗೋಡು ಬರೋ ಹೊತ್ತಿಗೆ ಇಳೀತಾ ಇಳೀತಾ 40ಕ್ಕೆ ಬಂದು ನಿಲ್ತದೆ, ಬೇಕಿದ್ರೆ ನೀವೇ ನೋಡ್ರಿ. ಫೋಟೋ ತೆಗೆಯೋದು ಮಾತ್ರ ಎಲ್ರೂ 47 ಇದ್ದಾಗ್ಲೇ. ಕಳಿಸಿದವ್ರಿಗೆ ಕೇಳ್ಬೇಕಾದ ಪ್ರಶ್ನೆ ಒಂದೇ, ‘ಅಣ್ಣಾ, ಗಾಡಿ ಓಡ್ತಿತ್ತಾ ನಿಂತಿತ್ತಾ?’

ಗೋಡೆಗೆ ನೇತು ಹಾಕಿದ ಥರ್ಮಾಮೀಟರ್ ಆದ್ರೆ ಬಿಸಿಲು ಬೀಳ್ತಿದೆಯಾ ನೋಡ್ರಿ. ಬಿಸಿಲಲ್ಲಿಟ್ಟ ಥರ್ಮಾಮೀಟರ್ ಗಾಳಿ ಬಿಸಿ ಹೇಳಲ್ಲ, ತಾನೆಷ್ಟು ಕಾದಿದೀನಿ ಅಂತ ಹೇಳ್ತದೆ. ಗಾಜಿನದು ಒಂದು ಹೇಳಿದ್ರೆ ಪಕ್ಕದಲ್ಲಿಟ್ಟ ಕಪ್ಪು ಪ್ಲಾಸ್ಟಿಕ್‌ದು ಇನ್ನೊಂದು ಹೇಳ್ತದೆ, ಗಾಳಿ ಎರಡಕ್ಕೂ ಒಂದೇ ಇದ್ರೂ.

ಇದ್ರಲ್ಲಿ ಒಂದು ಸೂಕ್ಷ್ಮ ಐತೆ. ನಮ್ಮೂರಲ್ಲಿ ಮಂಡಕ್ಕಿ ಭಟ್ಟಿ ನೋಡಿದವ್ರಿಗೆ ಗೊತ್ತು, ಮೇಲೆ ತಗಡಿನ ಶೀಟು, ಒಳಗೆ ಒಲೆ ಉರೀತಿರ್ತದೆ, ಬಾಣಲೆಲಿ ಮರಳು ಕಾದು ಅಕ್ಕಿ ಚಟಪಟ ಅಂತಿರ್ತದೆ. ಅಲ್ಲಿ ಕಂಬಕ್ಕೆ ಕಟ್ಟಿದ್ದ ಒಂದು ಥರ್ಮಾಮೀಟರ್ 52 ತೋರಿಸ್ತಿತ್ತು. ಅಲ್ಲಿದ್ದವ್ರು ಕೇಳಿದ್ರು, ‘ಅಲ್ಲ ಸಾರ್, ನೆರಳಲ್ಲೇ 52 ಅಂದ್ರೆ ಹೊರಗೆ ಬಿಸಿಲಲ್ಲಿ 60 ಇರ್ಬೇಕಲ್ಲ?’ ಕೇಳಿದ್ದು ನ್ಯಾಯವಾಗೇ ಐತೆ, ಆದ್ರೆ ಲೆಕ್ಕ ಉಲ್ಟಾ. ಕಾದ ತಗಡು ಮೇಲಿಂದ, ಒಲೆ ಪಕ್ಕದಿಂದ ಕಾವು ಬಿಡ್ತಿರೋವಾಗ ಆ ಶೆಡ್ಡಿನ ಒಳಗಿನ ಗಾಳಿ ಹೊರಗಿನ ಗಾಳಿಗಿಂತ ಬಿಸಿ. 52 ದಾವಣಗೆರೆ ತಾಪಮಾನ ಅಲ್ಲ. ಹಂಗಂತ 52 ಸುಳ್ಳೂ ಅಲ್ಲ, ಅಲ್ಲಿ ನಿಂತು ಸೌಟು ಆಡಿಸೋ ಮನುಷ್ಯ ಅನುಭವಿಸ್ತಿರೋದು ಅದನ್ನೇ. ‘ಫೇಕ್’ ಅಂತ ಒಂದೇ ಪದದಲ್ಲಿ ಹೊಡೆದು ಹಾಕೋ ಮುಂಚೆ ಇದನ್ನ ಬೇರೆ ಮಾಡಿ ಹೇಳೋದು ಒಳ್ಳೇದು. ದಾಖಲೆ ಅಲ್ಲ ಅಂದ ಮಾತ್ರಕ್ಕೆ ಅಲ್ಲಿ ಸೆಕೆ ಇಲ್ಲ ಅಂತೇನಲ್ಲ.

ಐಆರ್ ಗನ್ (ಮುಟ್ಟದೇ ದೂರದಿಂದ ಬಿಸಿ ಅಳೆಯೋದು) ಹಿಡಿದು ತೆಗೆದ ವಿಡಿಯೋ ಇನ್ನೊಂದು. ದುರ್ಗದ ಕೋಟೆ ಬಂಡೆಗೆ ಗನ್ ಹಿಡಿದು 58, ರಸ್ತೆಗೆ ಹಿಡಿದು 62, ‘ಚಿತ್ರದುರ್ಗ ಕುದೀತಿದೆ’ ಅಂತ. ಗನ್ ಓದೋದು ಎದುರಿಗಿರೋ ವಸ್ತುವಿನ ಮೇಲ್ಮೈ. ಮಧ್ಯಾಹ್ನದ ಬಂಡೆ, ಟಾರು 60 ಮುಟ್ಟೋದು ಬೇಸಿಗೆಲಿ ಮಾಮೂಲು, ಗಾಳಿ ಆಗ 39 ಇರಬಹುದು. ಹೊಸ ತಗಡಿನ ಶೀಟಿಗೆ ಹಿಡಿದ್ರಂತೂ ತಗಡಿನ ಬಿಸಿಯನ್ನೂ ಸರಿಯಾಗಿ ಹೇಳಲ್ಲ, ಹೊಳಪಿನಿಂದ ಬೇರೆ ವಸ್ತುವಿನ ಪ್ರತಿಫಲನ ಸೇರ್ಕೊಳ್ತದೆ. ಕೋವಿಡ್ ಟೈಮಲ್ಲಿ ತಗೊಂಡ ಹಣೆ ಗನ್ ಆದ್ರೆ ಅದು ಮೈ ಬಿಸಿ ನೋಡೋಕಷ್ಟೇ ಸೆಟ್ ಆಗಿರ್ತದೆ, ಇದಕ್ಕೆ ಬರೋದೇ ಇಲ್ಲ. ಬಂಡೆ ಮೇಲೆ ದೋಸೆ ಹುಯ್ಯೋ ವಿಡಿಯೋನೂ ಇದೇ ಲೆಕ್ಕ, ಬೆಣ್ಣೆ ದಂಡ.

ಸ್ಯಾಟಲೈಟ್ ಕೆಂಪು ಮ್ಯಾಪ್ ಬಂದ್ರೂ ಇದೇ ಪ್ರಶ್ನೆ ಕೇಳ್ರಿ. 2022ರ ಏಪ್ರಿಲ್‌ನಲ್ಲಿ ವಾಯವ್ಯ ಭಾರತದ ನೆಲ 60 ಡಿಗ್ರಿ ದಾಟಿದ ಸ್ಯಾಟಲೈಟ್ ಚಿತ್ರ ಓಡಾಡಿತ್ತು, ಅದು ನೆಲದ ಮೇಲ್ಮೈ ಬಿಸಿ, ಗಾಳಿದಲ್ಲ. 2021ರ ಜೂನ್‌ನಲ್ಲಿ ಸೈಬೀರಿಯಾದಲ್ಲಿ 48 ಡಿಗ್ರಿ ಅಂತ ಸುದ್ದಿ ಆಗಿದ್ದೂ ಹಿಂಗೇ. ಚಿತ್ರ ಸರಿ, ಸಂಖ್ಯೆ ಸರಿ, ಕೆಳಗೆ ಬರ್ಕೊಂಡ ಸಾಲು ತಪ್ಪು.

ಇನ್ನು ಮೊಬೈಲ್ ಆಪು. ಆಪಲ್ಲಿ ‘ದಾವಣಗೆರೆ 43’ ಅಂತ ಬಂದ್ರೆ ದಾವಣಗೆರೆಲಿ ಯಾರೋ ಅಳೆದಿದಾರೆ ಅಂತ ಅರ್ಥ ಅಲ್ಲ. ಬಹಳಷ್ಟು ಆಪ್‌ಗಳು ಕಂಪ್ಯೂಟರ್ ಮಾಡೆಲ್‌ನಿಂದ ಹಲವು ಕಿಲೋಮೀಟರಿನ ಚೌಕಕ್ಕೆ ಒಂದು ಅಂದಾಜು ಹಾಕಿ ತೋರಿಸ್ತವೆ, ಅದಕ್ಕೇ ಒಂದೇ ಜಾಗದಲ್ಲಿ ಕೂತು ಮೂರು ಆಪ್ ತೆಗೆದ್ರೆ ಮೂರು ನಂಬರ್. ಜತೆಗೆ ‘ಫೀಲ್ಸ್ ಲೈಕ್’ ಅನ್ನೋದು ಬೇರೆ, ಅದು ತಾಪಮಾನನೇ ಅಲ್ಲ, ಬಿಸಿ ಮತ್ತು ತೇವಾಂಶ ಸೇರಿಸಿ ಮೈಗೆ ಎಷ್ಟು ಅನ್ಸುತ್ತೆ ಅಂತ ತೆಗೆಯೋ ಲೆಕ್ಕ. 38 ಡಿಗ್ರಿಗೆ ಅರ್ಧಕ್ಕರ್ಧ ತೇವಾಂಶ ಇದ್ರೆ ಆ ಲೆಕ್ಕ 48ರ ಹತ್ರ ಹೋಗ್ತದೆ. ಭದ್ರಾ ನೀರು ಬಿಟ್ಟು ಮಲೇಬೆನ್ನೂರು ಹರಿಹರ ಕಡೆ ಬೇಸಿಗೆ ಭತ್ತ ನಿಂತಿದ್ದಾಗ ಅಲ್ಲಿ ಗಾಳಿ ಸ್ವಲ್ಪ ತಂಪು, ಆದ್ರೆ ಬೆವರು ಆರಲ್ಲ. ಜಗಳೂರು ಚಳ್ಳಕೆರೆ ಕಡೆ ಗಾಳಿ ಹೆಚ್ಚು ಬಿಸಿ, ಒಣ. ಸ್ಕ್ರೀನ್‌ಶಾಟಲ್ಲಿ ದೊಡ್ಡ ನಂಬರ್ ಬಿಟ್ಟು ಸಣ್ಣಕ್ಷರದಲ್ಲಿ ಏನು ಬರೆದೈತೆ ಅಂತ ಝೂಮ್ ಮಾಡಿ ನೋಡ್ರಿ, ಹೆಚ್ಚಿನ ಕೇಸು ಅಲ್ಲೇ ಕ್ಲೋಸು.

ನಂಬರ್ ನಿಜವಾದ ಸ್ಟೇಷನ್‌ದೇ ಆದ್ರೆ

ಕಷ್ಟ ಇಲ್ಲಿಂದ. ಯಾಕಂದ್ರೆ ಇಲ್ಲಿ ‘ಸರ್ಕಾರಿ ಡೇಟಾನೇ ಹಿಂಗೆ ಹೇಳ್ತಿದೆ ಸಾರ್’ ಅಂತಾರೆ, ಹೇಳೋದೂ ನಿಜ. ನಮ್ಮಲ್ಲಿ ಎರಡು ತರ ಸ್ಟೇಷನ್‌ಗಳು ಅವೆ. ಒಂದು ಭಾರತೀಯ ಹವಾಮಾನ ಇಲಾಖೆಯ ವೀಕ್ಷಣಾಲಯ, ಚಿತ್ರದುರ್ಗದಲ್ಲಿರೋದು ಅಂಥದು. ಇನ್ನೊಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವ್ರು ಹೋಬಳಿ ಮಟ್ಟದಲ್ಲಿ ಹಾಕಿರೋ ಟೆಲಿಮೆಟ್ರಿಕ್ ಸ್ಟೇಷನ್‌ಗಳು, ತಾವಾಗೇ ಅಳೆದು ತಾವಾಗೇ ಕಳಿಸ್ತವೆ. ಎರಡನೇದು ಬಹಳ ಉಪಯೋಗದ್ದು, ಅದಿಲ್ದೇ ಇದ್ರೆ ಪರಶುರಾಂಪುರದ ಬಿಸಿಲು ಎಷ್ಟು ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರೆ ಸ್ಟೇಷನ್ ಸಂಖ್ಯೆ ಹೆಚ್ಚಾದಷ್ಟೂ ಅವುಗಳಲ್ಲಿ ಒಂದು ಇವತ್ತು ಕೆಟ್ಟಿರೋ ಸಾಧ್ಯತೆ ಹೆಚ್ಚು, ಸುದ್ದಿ ಆಗೋದು ಎಲ್ಲಕ್ಕಿಂತ ಮೇಲಿರೋ ನಂಬರು, ಕೆಟ್ಟ ಸೆನ್ಸರ್ ಮೇಲೇ ಹೋಗಿ ಕೂತಿರ್ತದೆ. ಸರಾಸರಿ ತೆಗೆದಾಗ ಒಂದು ಕೆಟ್ಟ ಸೆನ್ಸರ್ ಕರಗಿ ಹೋಗ್ತದೆ, ಗರಿಷ್ಠ ಹುಡುಕಿದಾಗ ಅದೇ ಮೊದಲು ಸಿಗ್ತದೆ.

ದೆಹಲಿ ಉದಾಹರಣೆ ಎಲ್ರಿಗೂ ನೆನಪಿರಬಹುದು. 2024ರ ಮೇ 29, ಮುಂಗೇಶಪುರದ ಆಟೋಮ್ಯಾಟಿಕ್ ಸ್ಟೇಷನ್ 52.9 ಕಳಿಸ್ತು, ದೇಶದಲ್ಲೇ ಹೊಸ ದಾಖಲೆ ಅಂತ ಎಲ್ಲಾ ಚಾನಲ್ಲೂ ಓಡ್ತು. ಅದೇ ದಿನ ದೆಹಲಿ ಸುತ್ತಮುತ್ತ ಬೇರೆ ಸ್ಟೇಷನ್‌ಗಳು 45.2ರಿಂದ 49.1ರ ಒಳಗೆ ಇದ್ವು, ಸಫ್ದರ್‌ಜಂಗ್ 46.8. ಇಲಾಖೆಯವ್ರು ಪಕ್ಕದಲ್ಲಿ ಸ್ಟ್ಯಾಂಡರ್ಡ್ ಉಪಕರಣ ಇಟ್ಟು ಹೋಲಿಸಿದಾಗ ಆ ಸೆನ್ಸರ್ ಸುಮಾರು 3 ಡಿಗ್ರಿ ಜಾಸ್ತಿ ಹೇಳ್ತಿತ್ತು. ಮರುದಿನ ನಾಗಪುರದಲ್ಲಿ 56 ಅಂತ ಬಂದಿದ್ದೂ ಸೆನ್ಸರ್ ಕೈಕೊಟ್ಟಿದ್ದೇ. ಹಾಗಾಗಿ ದೇಶದ ದಾಖಲೆ ರಾಜಸ್ಥಾನದ ಫಲೋಡಿಲಿ 2016ರ ಮೇ 19ಕ್ಕೆ ಬಂದ 51.0, ಅದೇ ಉಳಿದೈತೆ.

ಸೆನ್ಸರ್ ಜಾಸ್ತಿ ಯಾಕೆ ಹೇಳ್ತದೆ? ಇದು ನನ್ನ ಏರಿಯಾ, ಸ್ವಲ್ಪ ಉದ್ದ ಆಗ್ತದೆ, ಬೇಜಾರಾದ್ರೆ ಮುಂದಕ್ಕೆ ಹಾರ್ಕೊಳ್ರಿ.

ಇಂಥ ಸ್ಟೇಷನ್ನುಗಳಲ್ಲಿ ಸಾಮಾನ್ಯವಾಗಿ ಬಳಸೋದು ಪ್ಲಾಟಿನಂ ರೆಸಿಸ್ಟೆನ್ಸ್ ಸೆನ್ಸರ್, ನಾವು ಮಿಲ್‌ನಲ್ಲಿ ಹಾಕೋ ಪಿಟಿ-100 ಜಾತಿದು. ಬಿಸಿ ಏರಿದಂಗೆ ಅದರ ವಿದ್ಯುತ್ ತಡೆ ಏರ್ತದೆ, ಆ ತಡೆಯ ಅಳತೆನೇ ಓಮ್. ಸೊನ್ನೆ ಡಿಗ್ರಿಗೆ 100 ಓಮ್, ಒಂದೊಂದು ಡಿಗ್ರಿ ಏರಿದಂಗೆ 0.385 ಓಮ್‌ನಂತೆ ಏರ್ತದೆ, 40 ಡಿಗ್ರಿಗೆ 115 ಚಿಲ್ಲರೆ. ಸ್ಟೇಷನ್ನಿನ ಎಲೆಕ್ಟ್ರಾನಿಕ್ ಪೆಟ್ಟಿಗೆ ಓದೋದು ಓಮ್ ಮಾತ್ರ, ಡಿಗ್ರಿ ಅನ್ನೋದು ಅದರ ಗುಣಾಕಾರ. ಈಗ ವೈರ್ ಕಟ್ಟೋ ಟರ್ಮಿನಲ್‌ನಲ್ಲಿ ಹಸಿರು ಕಿಲುಬು ಹಿಡೀತು, ಸ್ಕ್ರೂ ಸಡಿಲ ಆಯ್ತು, ಅಲ್ಲಿ ಒಂದೇ ಒಂದು ಓಮ್ ಹೆಚ್ಚಾಯ್ತು ಅಂದ್ಕೊಳ್ರಿ. ಪೆಟ್ಟಿಗೆಗೆ ಅದು ಕಿಲುಬಿನ ಓಮೋ ಪ್ಲಾಟಿನಂ ಓಮೋ ಗೊತ್ತಾಗಲ್ಲ, 2.6 ಡಿಗ್ರಿ ಸೇರಿಸಿ ಕಳಿಸ್ತದೆ. ನಾಲ್ಕು ವೈರಿನ ಕನೆಕ್ಷನ್ ಆದ್ರೆ ಈ ಕಾಟ ಇಲ್ಲ, ಎರಡು ವೈರಿಂದಾದ್ರೆ ಪೂರ್ತಿ ಐತೆ. ಗಮನಿಸಬೇಕಾದ್ದು, ಕಾಂಟ್ಯಾಕ್ಟ್ ಕೆಟ್ರೆ ಓಮ್ ಜಾಸ್ತಿನೇ ಆಗೋದು, ಅಂದ್ರೆ ನಂಬರ್ ಮೇಲೇ ಹೋಗೋದು. ತೇವ ಕೂತು ಶಾರ್ಟ್ ಆದ್ರೆ ಕೆಳಗೂ ಇಳೀತದೆ, ಆದ್ರೆ ಬೇಸಿಗೆಲಿ ಕಡಿಮೆ ತೋರಿಸಿದ ಸ್ಟೇಷನ್ ಬಗ್ಗೆ ಯಾರೂ ಫಾರ್ವರ್ಡ್ ಮಾಡಲ್ಲ.

ಎರಡನೇ ಕಾಯಿಲೆ ಶೀಲ್ಡಿಂದು. ಸೆನ್ಸರ್ ಸುತ್ತ ತಟ್ಟೆ ಬೋರಲು ಹಾಕಿ ಪೇರಿಸಿದಂಗೆ ಬಿಳಿ ಪ್ಲಾಸ್ಟಿಕ್ ಶೀಲ್ಡ್ ಇರ್ತದೆ. ಎರಡು ಬೇಸಿಗೆ ಕಳೆದ್ರೆ ನಮ್ಮ ಕೆಂಪು ಧೂಳು ಕೂತು ಬಿಳಿ ಹೋಗಿ ಕಂದು ಆಗ್ತದೆ, ಸಂದಿಲಿ ಕಣಜ ಮಣ್ಣಿನ ಗೂಡು ಕಟ್ತದೆ, ಜೇಡರಬಲೆ ತುಂಬ್ಕೊಳ್ತದೆ. ಗಾಳಿ ಆಡೋದು ನಿಂತಮೇಲೆ ಒಳಗಿನ ಸೆನ್ಸರ್ ಶೀಲ್ಡಿನ ಬಿಸಿ ಓದ್ತಾ ಕೂರ್ತದೆ.

ಮೂರನೇದು ಜಾಗ. ವಿಶ್ವ ಹವಾಮಾನ ಸಂಸ್ಥೆ ಸ್ಟೇಷನ್ ಇರೋ ಜಾಗಕ್ಕೆ 1ರಿಂದ 5ರ ತನಕ ದರ್ಜೆ ಕೊಡ್ತದೆ. ಒಂದನೇ ದರ್ಜೆಗೆ 100 ಮೀಟರ್ ಒಳಗೆ ಕಾಂಕ್ರೀಟು, ಕಟ್ಟಡ ಅಂಥ ಬಿಸಿ ಮೂಲ ಇರಬಾರ್ದು. ಐದನೇ ದರ್ಜೆ ಜಾಗದಲ್ಲಿ 5 ಡಿಗ್ರಿ ತನಕ ತಪ್ಪು ಬರಬಹುದು ಅಂತ ಅವ್ರೇ ಹೇಳ್ತಾರೆ. ಸ್ಟೇಷನ್ ಹಾಕಿದಾಗ ಖಾಲಿ ಇದ್ದ ಕಾಂಪೌಂಡಲ್ಲಿ ಆಮೇಲೆ ಪೇವರ್ಸ್ ಹಾಸಿ, ಪಕ್ಕದಲ್ಲಿ ಬೈಕ್ ಸ್ಟ್ಯಾಂಡ್ ಮಾಡಿದ್ರೆ ದರ್ಜೆ ಇಳೀತದೆ, ಬೋರ್ಡ್ ಮೇಲಿನ ಹೆಸರು ಹಂಗೇ ಇರ್ತದೆ.

ಇದನ್ನೆಲ್ಲ ಮನೇಲಿ ಕೂತು ಹೆಂಗೆ ಕಂಡುಹಿಡಿಯೋದು? ಸ್ಟೇಷನ್ ಹತ್ರ ಹೋಗಿ ಸ್ಕ್ರೂ ಡ್ರೈವರ್ ಹಾಕೋಕಾಗಲ್ಲ, ಹಾಕಲೂಬಾರ್ದು. ಆದ್ರೆ ಇಡೀ ದಿನದ ಗಂಟೆಗಂಟೆ ರೀಡಿಂಗ್ ಸಿಕ್ರೆ ಸಾಕು, ಕಾಯಿಲೆ ಅದ್ರಲ್ಲೇ ಕಾಣ್ತದೆ. ಬೆಳಗಿನ ಜಾವ ಐದು ಗಂಟೆ ರೀಡಿಂಗ್ ಮೊದಲು ನೋಡ್ರಿ. ಮಧ್ಯಾಹ್ನ ಅಕ್ಕಪಕ್ಕದ ಸ್ಟೇಷನ್‌ಗಿಂತ 3 ಜಾಸ್ತಿ ಇದ್ದದ್ದು ಬೆಳಗಿನ ಜಾವನೂ 3 ಜಾಸ್ತಿನೇ ಇದ್ರೆ, ಅದು ವೈರ್ ಅಥವಾ ಕ್ಯಾಲಿಬ್ರೇಶನ್ ಕಾಯಿಲೆ, ಹಗಲು ರಾತ್ರಿ ಭೇದ ಇಲ್ಲದೆ ಸೇರ್ಕೊಂಡಿರೋ ತಪ್ಪು. ಬೆಳಗಿನ ಜಾವ ಎಲ್ಲಾ ಒಂದೇ, ಬಿಸಿಲು ಏರಿದಂಗೆ ಮಾತ್ರ ಬಿಟ್ಟು ಹೋಗ್ತದೆ, ಮೋಡ ಬಂದ್ರೆ ಅಥವಾ ಗಾಳಿ ಬೀಸಿದ್ರೆ ಮತ್ತೆ ಜತೆಗೂಡ್ತದೆ ಅಂದ್ರೆ ಶೀಲ್ಡು. ಬಿಸಿಲು ಇಳಿದು ರಾತ್ರಿ ಎಂಟು ಒಂಬತ್ತಾದ್ರೂ ತಣ್ಣಗಾಗ್ದೇ ಬೇರೆಯವಕ್ಕಿಂತ ಮೇಲೇ ಇದ್ರೆ ಸುತ್ತ ಕಾಂಕ್ರೀಟ್ ಐತೆ, ಜಾಗದ ತಪ್ಪು. ಎರಡು ಗಂಟೆಗೆ 39.8, ಎರಡೂಕಾಲಿಗೆ 45.9, ಎರಡೂವರೆಗೆ 40.1 ಅಂತ ಒಂದೇ ಸಲ ನೆಗೆದಿದ್ರೆ ಅದು ಬಿಸಿಲಲ್ಲ, ಬ್ಯಾಟರಿನೋ ಕೇಬಲ್ಲೋ ಸಿಗ್ನಲ್ಲೋ, ಗಾಳಿ ಹಂಗೆ ನೆಗೆಯಲ್ಲ. ಸಂಜೆ ತನಕ 43.2, 43.2, 43.2 ಅಂತ ಗೆರೆ ಎಳೆದಂಗೆ ಇದ್ರೆ ಸೆನ್ಸರ್ ಹ್ಯಾಂಗ್ ಆಗೈತೆ. ಇನ್ನೊಂದು, ದಿನದ ಗರಿಷ್ಠ ಎಷ್ಟು ಗಂಟೆಗೆ ಬಂತು ನೋಡ್ರಿ. ನಮ್ಮಲ್ಲಿ ಅದು ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ ಬರಬೇಕು. ಬೆಳಿಗ್ಗೆ ಹತ್ತಕ್ಕೆ ಬಂದಿದ್ರೆ ಓರೆ ಬಿಸಿಲು ಶೀಲ್ಡ್ ಒಳಗೆ ನುಗ್ಗಿರಬೇಕು, ಮತ್ತೇನಲ್ಲ.

ಪಾದರಸದ ಹಳೇ ಪದ್ಧತಿಲೂ ತಪ್ಪಿಲ್ಲ ಅಂತೇನಿಲ್ಲ. ಗರಿಷ್ಠ ಥರ್ಮಾಮೀಟರ್‌ನ ಕೊರಳು ಕಿರಿದಾಗಿರ್ತದೆ, ಪಾದರಸ ಮೇಲೆ ಹೋದ್ರೆ ತಾನಾಗೇ ವಾಪಸ್ ಇಳಿಯಲ್ಲ, ಓದಿದ ಮೇಲೆ ಕೊಡವಿ ಇಳಿಸಬೇಕು. ಕೊಡವೋದು ಮರೆತ್ರೆ ನಿನ್ನೆ ನಂಬರೇ ಇವತ್ತೂ ಕೂತಿರ್ತದೆ, ಎರಡು ದಿನ ಪಾಯಿಂಟ್ ಸಮೇತ ಒಂದೇ ಗರಿಷ್ಠ ಬಂದ್ರೆ ಅನುಮಾನ ಪಡ್ರಿ. ಲಿಬಿಯಾದ ಅಲ್ ಅಜೀಜಿಯಾದಲ್ಲಿ 1922ರ ಸೆಪ್ಟೆಂಬರ್ 13ಕ್ಕೆ 58 ಡಿಗ್ರಿ ಅಂತ ಬರೆದದ್ದು ಲೋಕದ ದಾಖಲೆ ಆಗಿ 90 ವರ್ಷ ಕೂತಿತ್ತು. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದನ್ನ ತೆಗೆದು ಹಾಕ್ತು, ಹಳೇ ಮಾದರಿ ಥರ್ಮಾಮೀಟರ್, ಓದಿದವ್ರು ಹೊಸಬರು, ಒಳಗೆ ಜಾರೋ ಗುರುತಿನ ಕಡ್ಡಿಯ ತಪ್ಪು ತುದಿ ಓದಿ ಸುಮಾರು 7 ಡಿಗ್ರಿ ಹೆಚ್ಚು ಬರೆದಿರಬೇಕು ಅಂತ ತೀರ್ಮಾನ ಆಯ್ತು. ಈಗ ಪಟ್ಟಿಲಿರೋದು ಅಮೆರಿಕದ ಡೆತ್ ವ್ಯಾಲಿಯ 56.7, 1913ರ ಜುಲೈ 10ರದು.

ಪಕ್ಕದೂರು ಏನು ಹೇಳ್ತದೆ

ಗಂಟೆಗಂಟೆ ಡೇಟಾ ಸಿಗ್ಲಿಲ್ಲ ಅಂದ್ರೆ ಇದೊಂದು ಮಾಡ್ರಿ, ಐದು ನಿಮಿಷದ ಕೆಲಸ. ಬಿಸಿಗಾಳಿ ಒಂದೂರಿಗೆ ಬರಲ್ಲ, ನೂರಾರು ಕಿಲೋಮೀಟರ್ ಅಗಲಕ್ಕೆ ಬರ್ತದೆ. ದಾವಣಗೆರೆ 46 ಆಗಿದ್ರೆ ಹರಿಹರ, ಜಗಳೂರು, ಭರಮಸಾಗರ ಎಲ್ಲಾ 44ರ ಆಸುಪಾಸು ಇರಲೇಬೇಕು. ಅವೆಲ್ಲ 39-40 ಇದ್ದು ಇದೊಂದೇ 46 ಅಂದ್ರೆ ಕೆಟ್ಟಿರೋದು ಹವಾಮಾನ ಅಲ್ಲ.

ಎತ್ತರದ ಲೆಕ್ಕನೂ ಹಾಕ್ರಿ. ಒಣ ಬೇಸಿಗೆ ಮಧ್ಯಾಹ್ನ, ಗಾಳಿ ಚೆನ್ನಾಗಿ ಮೇಲೆ ಕೆಳಗೆ ಕಲಸಿದ್ದಾಗ, 100 ಮೀಟರ್ ಏರಿದ್ರೆ ಹತ್ರಹತ್ರ ಒಂದು ಡಿಗ್ರಿ ಇಳೀತದೆ. ರಾಯಚೂರು ಸುಮಾರು 400 ಮೀಟರ್, ದಾವಣಗೆರೆ 600, ಚಿತ್ರದುರ್ಗ 730. ಬರೀ ಎತ್ತರದಿಂದಲೇ ನಾವು ರಾಯಚೂರಿಗಿಂತ ಎರಡು ಡಿಗ್ರಿ, ದುರ್ಗದವ್ರು ಮೂರು ಡಿಗ್ರಿ ಕೆಳಗಿರಬೇಕು. ರಾಜ್ಯದ ದಾಖಲೆ ಅಂತ ಬಹಳ ಕಾಲದಿಂದ ಹೇಳ್ತಾ ಬಂದಿರೋದು ರಾಯಚೂರಿನ 45.6, 1928ರ ಮೇ 23ರದು. ಆಗೆಲ್ಲ ಫ್ಯಾರನ್‌ಹೀಟ್ ಕಾಲ, 114 ಫ್ಯಾರನ್‌ಹೀಟ್ ಅಂದ್ರೆ ಸರಿಯಾಗಿ 45.6. ಹಂಗಿದ್ಮೇಲೆ ರಾಯಚೂರು ಕಲಬುರಗಿ 42ರಲ್ಲಿರೋ ದಿನ ದಾವಣಗೆರೆ 46 ಅಂತ ಬಂದ್ರೆ, ಮೆಸೇಜ್ ಕಳಿಸಿದವ್ರು ಎಷ್ಟೇ ದೊಡ್ಡ ಮನುಷ್ಯರಾದ್ರೂ ನಂಬೋ ಮಾತಲ್ಲ. ಒಂದೆರಡು ಡಿಗ್ರಿ ಸ್ಥಳೀಯ ಏರುಪೇರು ಇರ್ತದೆ ಅದನ್ನ ಬಿಡ್ರಿ, ಚಳ್ಳಕೆರೆ ಬಯಲಿಗೂ ಜೋಗಿಮಟ್ಟಿ ಗುಡ್ಡಕ್ಕೂ ಒಂದೇ ನಂಬರ್ ಬರೋಕೆ ಸಾಧ್ಯ ಇಲ್ಲ.

ತಾರೀಕಲ್ಲೂ ಒಂದು ಗೊಂದಲ ಐತೆ. ಬೆಳಿಗ್ಗೆ ಎಂಟೂವರೆ ಬುಲೆಟಿನ್‌ನಲ್ಲಿ ಬರೋ ಗರಿಷ್ಠ ಹಿಂದಿನ ದಿನದ ಮಧ್ಯಾಹ್ನದ್ದು, ಕನಿಷ್ಠ ಮಾತ್ರ ಇವತ್ತಿಂದು. ಇದು ಗೊತ್ತಿಲ್ದೇ ಎರಡು ಕಡೆ ನಂಬರ್ ಹೋಲಿಸಿ ‘ಇಲಾಖೆ ಮುಚ್ಚಿಡ್ತಿದೆ’ ಅಂತ ಗಲಾಟೆ ಮಾಡೋರು ಅವ್ರೆ.

ದಾಖಲೆ ಅಂದ್ರೆ ಯಾವ ಪಟ್ಟಿಲಿ?

ನಂಬರ್ ಸರಿ ಅಂತ ಆಯ್ತು ಅಂದ್ಕೊಳ್ರಿ, 41.6 ಅಂತಾನೇ ಇಟ್ಕೊಳ್ರಿ. ಅದು ದಾಖಲೆನಾ ಅನ್ನೋದು ಬೇರೆ ಪ್ರಶ್ನೆ. ಈ ವರ್ಷದ್ದಾ, ಏಪ್ರಿಲ್ ತಿಂಗಳಿಂದಾ, ಆ ಸ್ಟೇಷನ್ ಶುರುವಾದಾಗಿಂದಾ, ಜಿಲ್ಲೆದಾ? ಹೋಬಳಿ ಸ್ಟೇಷನ್ನುಗಳೆಲ್ಲ ಈಚಿನವು, ಅವುಗಳಲ್ಲಿ ನೂರು ವರ್ಷದ ದಾಖಲೆ ಮುರಿಯೋಕೆ ನೂರು ವರ್ಷ ಎಲ್ಲಿಂದ ಬರಬೇಕು? ಹೊಸ ಸ್ಟೇಷನ್ ಹಾಕಿದ ಮೊದಲ ಬೇಸಿಗೆಲಿ ಹೆಚ್ಚುಕಡಿಮೆ ದಿನಾ ಒಂದು ದಾಖಲೆನೇ.

‘ಜಿಲ್ಲೆಯ ಇತಿಹಾಸದಲ್ಲೇ’ ಅನ್ನೋದು ಇನ್ನೂ ಮಜಾ. ದಾವಣಗೆರೆ ಜಿಲ್ಲೆ ಆಗಿದ್ದೇ 1997ರ ಆಗಸ್ಟ್ 15ಕ್ಕೆ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಿಂದ ಬಂದ್ವು, ಹೊನ್ನಾಳಿ ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಹರಪನಹಳ್ಳಿ ಆಮೇಲೆ ವಾಪಸ್ ಬಳ್ಳಾರಿಗೆ ಹೋಗಿ ಈಗ ವಿಜಯನಗರ ಜಿಲ್ಲೆಲಿ ಐತೆ. ಹರಪನಹಳ್ಳಿ ಕಡೆಯ ಬಿಸಿಲನ್ನ ಯಾವ ಜಿಲ್ಲೆ ಪಟ್ಟಿಗೆ ಬರ್ಕೊಳ್ತೀರಿ? 1997ರ ಹಿಂದಿನ ಹೊನ್ನಾಳಿ ನಂಬರ್ ಯಾರದು? ಅದಕ್ಕೇ ಜಿಲ್ಲೆ ದಾಖಲೆ ಅನ್ನೋ ಮಾತೇ ನನಗೆ ಹಿಡಿಸಲ್ಲ, ಸ್ಟೇಷನ್ ಹೆಸರು, ಎಷ್ಟನೇ ಇಸವಿಯಿಂದ, ಇವೆರಡು ಇಲ್ದೇ ಬಂದ ದಾಖಲೆನ ದಾಖಲೆ ಅನ್ಬಾರ್ದು. ಬೆಂಗಳೂರಿನದು ಹಂಗಲ್ಲ ನೋಡ್ರಿ, 2016ರ ಏಪ್ರಿಲ್‌ನಲ್ಲಿ 39.2 ಅಂದಾಗ ಒಂದೇ ವೀಕ್ಷಣಾಲಯದ ಉದ್ದನೆ ಪಟ್ಟಿ ಇತ್ತು, ಹೋಲಿಸೋಕೆ ಆಯ್ತು.

‘ಬಿಸಿಗಾಳಿ ಘೋಷಣೆ’ ಅನ್ನೋದಕ್ಕೂ ಅಳತೆ ಐತೆ, ಯಾರೋ ಸುಮ್ನೆ ಘೋಷಿಸೋದಲ್ಲ. ಬಯಲು ಪ್ರದೇಶದಲ್ಲಿ ಗರಿಷ್ಠ 40 ಮುಟ್ಟಿರಬೇಕು, ಅದರ ಜತೆಗೆ ಮಾಮೂಲಿಗಿಂತ 4.5ರಿಂದ 6.4 ಡಿಗ್ರಿ ಜಾಸ್ತಿ ಇದ್ರೆ ಬಿಸಿಗಾಳಿ, 6.4 ದಾಟಿದ್ರೆ ತೀವ್ರ. ಇಲ್ಲಾಂದ್ರೆ ನೇರವಾಗಿ 45 ಆದ್ರೆ ಬಿಸಿಗಾಳಿ, 47 ಆದ್ರೆ ತೀವ್ರ. ಅದೂ ಒಂದು ಹವಾಮಾನ ಉಪವಿಭಾಗದಲ್ಲಿ ಕನಿಷ್ಠ ಎರಡು ಸ್ಟೇಷನ್‌ನಲ್ಲಿ, ಎರಡು ದಿನ ಸತತವಾಗಿ. ಕರಾವಳಿಗೆ 37ರಿಂದ ಶುರು, ಮಂಗಳೂರಿನ ಮೆಸೇಜನ್ನ ದಾವಣಗೆರೆ ಗ್ರೂಪಿಗೆ ಹಾಕೋ ಮುಂಚೆ ಇದು ನೆನಪಿರ್ಲಿ.

ಚೆಕ್ ಮಾಡೋ ಅಗತ್ಯನೇ ಇಲ್ದೇ ಇರೋವು

‘ನಾಳೆಯಿಂದ 45ರಿಂದ 55 ಡಿಗ್ರಿ, ಕಾರಿನಿಂದ ಲೈಟರ್, ಪರ್ಫ್ಯೂಮ್ ತೆಗೀರಿ, ಟ್ಯಾಂಕ್ ಫುಲ್ ಮಾಡಿಸಬೇಡಿ’, ‘ಈಕ್ವಿನಾಕ್ಸ್ ಪರಿಣಾಮ ಐದು ದಿನ’, ಇವು ಪ್ರತಿ ವರ್ಷ ಬರೋ ನೆಂಟರು. ಈಕ್ವಿನಾಕ್ಸ್ ಅಂದ್ರೆ ಹಗಲು ರಾತ್ರಿ ಸಮ ಆಗೋ ದಿನ, ಅದು ಆಗೋದು ಮಾರ್ಚ್ 20-21ಕ್ಕೆ, ಮೆಸೇಜ್ ಬರೋದು ಮೇ ತಿಂಗಳಲ್ಲಿ. ಊರ ಹೆಸರಿಲ್ಲ, ತಾರೀಕಿಲ್ಲ, ‘ನಾಳೆಯಿಂದ’ ಅಂತ ಮಾತ್ರ ಐತೆ ಅಂದ್ರೆ ಟೈಮ್ ವೇಸ್ಟ್ ಮಾಡ್ಕೋಬೇಡ್ರಿ. ನೀರು ಕುಡೀರಿ ಅನ್ನೋ ಸಾಲೊಂದು ಮಾತ್ರ ಅದ್ರಲ್ಲಿ ಸರಿ ಇರ್ತದೆ.

ಎಲ್ಲಾ ಟೆಸ್ಟೂ ಪಾಸ್ ಆದ್ರೆ?

ಆಗಬಹುದು, ಆಗ್ತಾನೂ ಇರ್ತವೆ, ಬಿಸಿಲು ವರ್ಷದಿಂದ ವರ್ಷಕ್ಕೆ ಮೇಲಕ್ಕೇ ಹೋಗ್ತಿರೋವಾಗ ನಿಜವಾದ ದಾಖಲೆಗಳೂ ಬರಲೇಬೇಕು. ಎಲ್ಲದಕ್ಕೂ ‘ಸೆನ್ಸರ್ ಕೆಟ್ಟಿರಬೇಕು’ ಅನ್ನೋ ಚಾಳಿನೂ ಅಷ್ಟೇ ಕೆಟ್ಟದ್ದು, ಮುಂಗೇಶಪುರದ 52.9 ತಪ್ಪಾದ್ರೂ ಆವತ್ತಿನ ಸಫ್ದರ್‌ಜಂಗ್‌ನ 46.8 ತಪ್ಪಾಗಿರಲಿಲ್ಲ, ಅಲ್ಲಿ 79 ವರ್ಷದಲ್ಲಿ ಅಷ್ಟು ಆಗಿರಲಿಲ್ಲ. ಅಕ್ಕಪಕ್ಕದ ಊರೂ ಏರಿದಾವೆ, ಗರಿಷ್ಠ ಮಧ್ಯಾಹ್ನ ಮೂರಕ್ಕೆ ಬಂದೈತೆ, ಬೆಳಗಿನ ಜಾವದ ನಂಬರ್ ಸುತ್ತಮುತ್ತಲಿನದಕ್ಕೆ ಹೊಂದ್ತದೆ, ಮರುದಿನವೂ ಹಂಗೇ ಐತೆ, ಇಷ್ಟಾದ್ರೆ ನಂಬಿ.

ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ರಿ, ಸ್ಟೇಷನ್ ಹೆಸರು, ತಾರೀಕು, ಗಂಟೆ ಮೂರೂ ಕಾಣೋ ಹಾಗೆ, ಪೇಜ್ ರಿಫ್ರೆಶ್ ಆದ್ರೆ ಆಮೇಲೆ ಸಿಗಲ್ಲ. ಗ್ರೂಪಿಗೆ ಹಾಕೋದಾದ್ರೆ ‘ಇಂಥ ಸ್ಟೇಷನ್, ಇಂಥ ದಿನ, ಇಷ್ಟು ಡಿಗ್ರಿ, ಪ್ರಾಥಮಿಕ ಮಾಹಿತಿ’ ಅಂತ ಹಾಕ್ರಿ. ಇಲಾಖೆ ಖಚಿತಪಡಿಸೋದು ತಡ ಆಗ್ತದೆ, ಅದಕ್ಕೂ ಬೈಬೇಡ್ರಿ. ಇಟಲಿಯ ಸಿಸಿಲಿಲಿ 2021ರ ಆಗಸ್ಟ್ 11ಕ್ಕೆ 48.8 ಬಂದಿದ್ದನ್ನ ಯುರೋಪಿನ ದಾಖಲೆ ಅಂತ ವಿಶ್ವ ಹವಾಮಾನ ಸಂಸ್ಥೆ ಒಪ್ಪಿದ್ದು 2024ರ ಜನವರಿಲಿ. ಕುವೈತಿನ ಮಿತ್ರಿಬಾದ 2016ರ ನಂಬರ್ ಮೊದಲು 54.0 ಅಂತ ಇತ್ತು, ತನಿಖೆ ಮುಗಿದು 53.9 ಆಯ್ತು, ಬರೀ ಒಂದು ಪಾಯಿಂಟಿಗೆ ಅಷ್ಟು ದಿನ ಕೂತು ನೋಡಿದ್ರು.